ಹೆಪಟೈಟಿಸ್ ಬಿ ವರದಿಯನ್ನು ಓದುವುದು ಹೇಗೆ, ಮುಂದೇನು ಮಾಡಬೇಕು?

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ವಿಜಯನಗರದಲ್ಲಿ ವಾಸ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಕಚೇರಿಯ ಶಿಬಿರದಲ್ಲಿ ರಕ್ತದಾನ ಮಾಡಿದ ಕೆಲವು ದಿನಗಳಿಗೆ ರಕ್ತನಿಧಿಯಿಂದ ಕರೆ ಬಂದು, ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಕಂಡಿದೆ ಎಂದು ತಿಳಿಸಿದರು. ಆಮೇಲೆ ಮಾಡಿಸಿದ ಪರೀಕ್ಷೆಗಳ ವಿವರ ಹೀಗಿದೆ: ಎಚ್‌ಬಿಎಸ್‌ಎಜಿ ರಿಯಾಕ್ಟಿವ್, ಅದರ ಮುಂದೆ 3,812 ಎಂಬ ಸಂಖ್ಯೆ, ಆಂಟಿ-ಎಚ್‌ಬಿಸಿ ಟೋಟಲ್ ರಿಯಾಕ್ಟಿವ್, ಐಜಿಎಂ ನಾನ್ ರಿಯಾಕ್ಟಿವ್, ಎಚ್‌ಬಿಇಎಜಿ ನೆಗೆಟಿವ್, ಆಂಟಿ-ಎಚ್‌ಬಿಇ ಪಾಸಿಟಿವ್, ವೈರಸ್ ಡಿಎನ್‌ಎ 1,840, ಎಸ್‌ಜಿಪಿಟಿ 38, ಎಸ್‌ಜಿಒಟಿ 34, ಪ್ಲೇಟ್‌ಲೆಟ್ 2.1 ಲಕ್ಷ. ಒಬ್ಬ ವೈದ್ಯರು "ನೀವು ಕ್ಯಾರಿಯರ್ ಅಷ್ಟೇ, ಏನೂ ಆಗುವುದಿಲ್ಲ" ಎಂದರು. ನಮ್ಮ ದೊಡ್ಡಮ್ಮ ಲಿವರ್ ಹೋಯಿತೆಂದೇ ತಿಳಿದು, ನಾಟಿ ಔಷಧಿ ಕೊಡಿಸಲು ಒತ್ತಾಯಿಸುತ್ತಿದ್ದಾರೆ. ಪತ್ನಿ ಐದು ತಿಂಗಳ ಗರ್ಭಿಣಿ. ಆಕೆಯ ಎಚ್‌ಬಿಎಸ್‌ಎಜಿ ನೆಗೆಟಿವ್, ಆಂಟಿ-ಎಚ್‌ಬಿಎಸ್ 4 ಎಂದು ಬಂದಿದೆ. ಮಗುವಿಗೆ ನನ್ನಿಂದ ಬರುತ್ತದೆಯೇ? ಕುಡಿತದ ಅಭ್ಯಾಸವೇ ಇಲ್ಲದ ನನ್ನ ಸೋದರಮಾವ 52ನೇ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಹೋದರು. ಈ ವಿಷಯವನ್ನು ಅಮ್ಮನಿಗೆ ಹೇಳಬೇಕೇ? ಅವರಿಗೆ 61 ವರ್ಷ, ತನ್ನಿಂದಲೇ ಬಂತೆಂದು ನೊಂದುಕೊಳ್ಳುತ್ತಾರೆಂಬ ಅಳುಕು ನನಗೆ.

ಉತ್ತರ: ನಿಮಗೆ ಸಿಕ್ಕಿರುವ ಎರಡು ಅಭಿಪ್ರಾಯಗಳನ್ನೂ ನಾನು ಒಪ್ಪುವುದಿಲ್ಲ. ಲಿವರ್ ಹೋಯಿತು ಎನ್ನಲು ನಿಮ್ಮ ವರದಿಯಲ್ಲಿ ಯಾವ ಆಧಾರವೂ ಇಲ್ಲ. ಏನೂ ಆಗುವುದಿಲ್ಲ, ಮರೆತುಬಿಡಿ ಎನ್ನಲೂ ಆಧಾರವಿಲ್ಲ. ಇವೆರಡರ ನಡುವೆ, ಕಾಯಿಲೆ ಸದ್ದಿಲ್ಲದೆ ಇದ್ದರೂ ಜೀವಮಾನವಿಡೀ ಗಮನವಿಟ್ಟು ನೋಡಿಕೊಳ್ಳಬೇಕಾದ ಒಂದು ಸ್ಥಿತಿಯಿದೆ, ನೀವಿರುವುದು ಅಲ್ಲಿ. ಹೆಪಟೈಟಿಸ್ ಬಿ ವರದಿಯಲ್ಲಿ ಒಂದೇ ಒಂದು ಸಾಲನ್ನು ಹಿಡಿದುಕೊಂಡು ತೀರ್ಮಾನಕ್ಕೆ ಬರಲಾಗದು. ಎಲ್ಲ ಸಾಲುಗಳನ್ನೂ ಒಟ್ಟಿಗೆ ಓದಬೇಕು, ಆಮೇಲೆ ಇಂದಿನ ವರದಿಯನ್ನು ಮೂರು ತಿಂಗಳ ನಂತರದ ವರದಿಯ ಪಕ್ಕದಲ್ಲಿಟ್ಟು ಓದಬೇಕು, ಕೊನೆಗೆ ಮನೆಯವರ ವರದಿಗಳನ್ನೂ ಜೊತೆಗಿಟ್ಟು ಓದಬೇಕು. ನಿಮ್ಮ ವಿಷಯದಲ್ಲಿ ಈ ಕೊನೆಯ ಮಾತಿಗೆ ಹೆಚ್ಚು ತೂಕವಿದೆ, ಅದಕ್ಕೆ ಮತ್ತೆ ಬರುತ್ತೇನೆ.

ಲಿವರಿಗೆ ತಗುಲುವ ಈ ವೈರಸ್ಸನ್ನು ತೆಂಗಿನಕಾಯಿಯಂತೆ ಕಲ್ಪಿಸಿಕೊಂಡರೆ ವರದಿಯ ಹೆಸರುಗಳು ಅರ್ಥವಾಗುತ್ತವೆ. ಹೊರಗಿನ ಸಿಪ್ಪೆ ಎಚ್‌ಬಿಎಸ್‌ಎಜಿ, ಅಂದರೆ ವೈರಸ್ಸಿನ ಮೇಲ್ಮೈಯ ಪ್ರೋಟೀನು. ಒಳಗಿನ ಗಟ್ಟಿ ಚಿಪ್ಪು ಕೋರ್ ಎಂಬ ಇನ್ನೊಂದು ಪ್ರೋಟೀನು. ಚಿಪ್ಪಿನೊಳಗೆ ಭದ್ರವಾಗಿರುವುದು ಡಿಎನ್‌ಎ. ಹೆಸರಿನ ಮೊದಲು "ಆಂಟಿ" ಎಂದು ಬಂದರೆ ಅದು ವೈರಸ್ಸಿನ ಭಾಗವಲ್ಲ, ಆ ಭಾಗದ ವಿರುದ್ಧ ನಿಮ್ಮ ದೇಹವೇ ತಯಾರಿಸಿದ ಪ್ರತಿಕಾಯ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ಸಾಲಿಗೆ ಬನ್ನಿ.

ಎಚ್‌ಬಿಎಸ್‌ಎಜಿ ರಿಯಾಕ್ಟಿವ್ ಎಂದರೆ ವೈರಸ್ ಈಗ ದೇಹದಲ್ಲಿದೆ ಎಂದರ್ಥ. 1960ರ ದಶಕದಲ್ಲಿ ಬರೂಕ್ ಬ್ಲೂಮ್‌ಬರ್ಗ್ ಎಂಬ ವಿಜ್ಞಾನಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದ್ದರಿಂದ ಇದಕ್ಕೆ ಆಸ್ಟ್ರೇಲಿಯಾ ಆಂಟಿಜನ್ ಎಂಬ ಹೆಸರಿತ್ತು. ಹಳೆಯ ಕಾಲದ ವೈದ್ಯರು ಇಂದಿಗೂ ಹಾಗೆಯೇ ಕರೆಯುವುದುಂಟು. ಒಂದೇ ಪರೀಕ್ಷೆ, ಅದರಲ್ಲೂ ಕಾರ್ಡ್ ಟೆಸ್ಟ್, ಕೆಲವೊಮ್ಮೆ ತಪ್ಪಾಗಿ ಪಾಸಿಟಿವ್ ತೋರಿಸಬಹುದು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಎರಡು ಮೂರು ವಾರಗಳ ಒಳಗೆ ಪರೀಕ್ಷೆ ಮಾಡಿದರೂ ಲಸಿಕೆಯಲ್ಲಿರುವ ಪ್ರೋಟೀನೇ ಸಿಕ್ಕಿ ಪಾಸಿಟಿವ್ ಬರಬಹುದು. ನಿಮ್ಮಲ್ಲಿ ಆ ಅನುಮಾನಕ್ಕೆ ಎಡೆಯಿಲ್ಲ, ಏಕೆಂದರೆ ರಕ್ತನಿಧಿಯಲ್ಲೂ ಲ್ಯಾಬ್‌ನಲ್ಲೂ ಒಂದೇ ಉತ್ತರ ಬಂದಿದೆ, ಡಿಎನ್‌ಎ ಕೂಡ ಪತ್ತೆಯಾಗಿದೆ.

ನಿಮ್ಮನ್ನು ಹೆಚ್ಚು ಹೆದರಿಸಿರುವುದು ಬಹುಶಃ 3,812 ಎಂಬ ಸಂಖ್ಯೆ. ನನ್ನ ಬಳಿ ಬರುವವರಲ್ಲಿ ಬಹಳ ಮಂದಿ ಆ ಸಂಖ್ಯೆಯ ಸುತ್ತ ಪೆನ್ನಿನಲ್ಲಿ ಗೀರು ಎಳೆದುಕೊಂಡೇ ಬಂದಿರುತ್ತಾರೆ, ರಕ್ತದಲ್ಲಿ ಇಷ್ಟು ಸಾವಿರ ವೈರಸ್ ಇದೆಯೆಂದು ತಿಳಿದು. ವರದಿಯಲ್ಲಿ ಆ ಸಂಖ್ಯೆಯ ಪಕ್ಕದಲ್ಲಿ "ಇಂಡೆಕ್ಸ್" ಎಂದೋ "ಎಸ್/ಸಿಒ" ಎಂದೋ ಇದೆಯೇ ನೋಡಿ. ಇದ್ದರೆ, ಅದು ಯಂತ್ರಕ್ಕೆ ಸಿಕ್ಕ ಸಂಕೇತ ಎಷ್ಟು ಬಲವಾಗಿತ್ತು ಎಂಬುದರ ಲೆಕ್ಕ ಮಾತ್ರ. 1ಕ್ಕಿಂತ ಕಡಿಮೆಯಿದ್ದರೆ ನೆಗೆಟಿವ್, ಹೆಚ್ಚಿದ್ದರೆ ರಿಯಾಕ್ಟಿವ್. 40 ಬಂದರೂ 4,000 ಬಂದರೂ ಅದರಿಂದ ಕಾಯಿಲೆಯ ತೀವ್ರತೆ ತಿಳಿಯುವುದಿಲ್ಲ, ಬೇರೆ ಲ್ಯಾಬ್‌ನ ಬೇರೆ ಯಂತ್ರದಲ್ಲಿ ಸಂಖ್ಯೆಯೇ ಬೇರೆ ಬರುತ್ತದೆ. ಎಚ್‌ಬಿಎಸ್‌ಎಜಿಯ ನಿಜವಾದ ಪ್ರಮಾಣವನ್ನು ಅಳೆಯುವ ಪರೀಕ್ಷೆ ಪ್ರತ್ಯೇಕವಾಗಿದೆ. ಅದಕ್ಕೆ ಕ್ವಾಂಟಿಟೇಟಿವ್ ಎಚ್‌ಬಿಎಸ್‌ಎಜಿ ಎನ್ನುತ್ತಾರೆ, ಅದರ ಫಲಿತಾಂಶ ಮಿಲಿಲೀಟರಿಗೆ ಇಷ್ಟು ಐಯು (ಅಂತರರಾಷ್ಟ್ರೀಯ ಮಾನ) ಎಂದು ಬರುತ್ತದೆ.

ಮುಂದಿನದು ಆಂಟಿ-ಎಚ್‌ಬಿಸಿ, ಅಂದರೆ ಚಿಪ್ಪಿನ ವಿರುದ್ಧದ ಪ್ರತಿಕಾಯ. ಲಸಿಕೆಯಲ್ಲಿರುವುದು ಸಿಪ್ಪೆಯ ಪ್ರೋಟೀನು ಮಾತ್ರ, ಚಿಪ್ಪು ಅದರಲ್ಲಿಲ್ಲ. ಹಾಗಾಗಿ ಆಂಟಿ-ಎಚ್‌ಬಿಸಿ ಟೋಟಲ್ ಪಾಸಿಟಿವ್ ಬಂದವರಿಗೆ ಜೀವನದಲ್ಲಿ ಯಾವಾಗಲೋ ನಿಜವಾದ ವೈರಸ್ಸೇ ತಗುಲಿರುತ್ತದೆ. ಅದು ಹೊಸದೋ ಹಳೆಯದೋ ಎಂಬುದಕ್ಕೆ ಈ ಪ್ರತಿಕಾಯದ ಐಜಿಎಂ ಎಂಬ ಬಗೆ ಸುಳಿವು ಕೊಡುತ್ತದೆ: ಸೋಂಕು ಹೊಸದಾಗಿದ್ದಾಗ ಅದು ಪಾಸಿಟಿವ್ ಇದ್ದು, ಸಾಮಾನ್ಯವಾಗಿ ಆರು ತಿಂಗಳೊಳಗೆ ಮರೆಯಾಗುತ್ತದೆ. ನಿಮ್ಮದು ನೆಗೆಟಿವ್. ಎಚ್‌ಬಿಎಸ್‌ಎಜಿ ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲದ ಸೋಂಕು ಎನ್ನುತ್ತೇವೆ. ಕ್ರಮ ಪ್ರಕಾರ ಆರು ತಿಂಗಳ ನಂತರ ಮತ್ತೊಮ್ಮೆ ನೋಡಿಯೇ ಆ ಮಾತು ಹೇಳಬೇಕಾದರೂ, ಐಜಿಎಂ ನೆಗೆಟಿವ್ ಇದ್ದು ಆಂಟಿ-ಎಚ್‌ಬಿಇ ಪಾಸಿಟಿವ್ ಇರುವ ನಿಮ್ಮ ವರದಿಯನ್ನು ನೋಡಿದರೆ ಇದು ಬಹಳ ವರ್ಷಗಳಿಂದ ಇರುವ ಸೋಂಕು ಎಂದೇ ನನಗೆ ಕಾಣುತ್ತದೆ. ಹಸುಗೂಸಾಗಿದ್ದಾಗ ಸೋಂಕು ತಗುಲಿದರೆ ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ 5ಕ್ಕಿಂತ ಕಡಿಮೆ ಮಂದಿಯಲ್ಲಿ ಮಾತ್ರ ಉಳಿಯುತ್ತದೆ, ಮಿಕ್ಕವರ ದೇಹ ಅದನ್ನು ತಾನಾಗಿಯೇ ಹೊರಹಾಕುತ್ತದೆ. ಆದ್ದರಿಂದ ಯಾವ ಸಲೂನಿನ ಬ್ಲೇಡು, ಯಾವ ಹಲ್ಲಿನ ಡಾಕ್ಟರು ಎಂದು ಹಿಂದಿನ ವರ್ಷದ ಘಟನೆಗಳನ್ನು ಕೆದಕುತ್ತ ಕೂರಬೇಡಿ, ಪತ್ನಿಯೂ ನೀವೂ ಒಬ್ಬರನ್ನೊಬ್ಬರು ಅನುಮಾನಿಸಬೇಡಿ.

ಎಚ್‌ಬಿಇಎಜಿ ನೆಗೆಟಿವ್ ಎಂಬ ಸಾಲು ಕಂಡಾಗ ಹಲವರು "ಇ ನೆಗೆಟಿವ್ ಅಂದರೆ ವಾಸಿಯಾಯಿತು" ಎಂದುಕೊಳ್ಳುತ್ತಾರೆ. ವೈರಸ್ ಭರದಿಂದ ವೃದ್ಧಿಯಾಗುವ ಹಂತದಲ್ಲಿ ರಕ್ತಕ್ಕೆ ಬರುವ ಪ್ರೋಟೀನಿದು. ಇದು ಹೋಗಿ ಆಂಟಿ-ಎಚ್‌ಬಿಇ ಬಂದರೆ ಸಾಮಾನ್ಯವಾಗಿ ವೈರಸ್ಸಿನ ಆರ್ಭಟ ಇಳಿದಿದೆ ಎಂದು ತಿಳಿಯಬಹುದು. ಆದರೆ ಕೆಲವರಲ್ಲಿ ವೈರಸ್ ರೂಪಾಂತರಗೊಂಡು, ಈ ಪ್ರೋಟೀನನ್ನು ತಯಾರಿಸುವುದನ್ನು ಮಾತ್ರ ನಿಲ್ಲಿಸಿ, ಲಿವರಿಗೆ ಹಾನಿ ಮಾಡುವುದನ್ನು ಮುಂದುವರಿಸಿರುತ್ತದೆ. ನಮ್ಮ ದೇಶದಲ್ಲಿ ಇಂಥ ರೋಗಿಗಳು ಅಪರೂಪವೇನಲ್ಲ. ಅದಕ್ಕಾಗಿಯೇ ಇ ನೆಗೆಟಿವ್ ಬಂದವರಲ್ಲಿ ಡಿಎನ್‌ಎಯನ್ನೂ, ಲಿವರಿನ ಜೀವಕೋಶಗಳಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಂಬ ಕಿಣ್ವವನ್ನೂ ಒಟ್ಟಿಗೆ, ಮತ್ತೆ ಮತ್ತೆ ನೋಡುತ್ತೇವೆ.

ನಿಮ್ಮ ಡಿಎನ್‌ಎ 1,840. ಮೊದಲು ಮಾನವನ್ನು ಗಮನಿಸಿ: ಐಯು ಎಂದಿದೆಯೋ ಕಾಪಿಗಳು ಎಂದಿದೆಯೋ? ಒಂದು ಐಯು ಎಂದರೆ ಸುಮಾರು ಐದು ಕಾಪಿಗಳಾದ್ದರಿಂದ ಇದನ್ನು ತಪ್ಪಾಗಿ ಓದಿದರೆ ಲೆಕ್ಕವೇ ಅಡಿಮೇಲಾಗುತ್ತದೆ. ಐಯು ಎಂದೇ ಇಟ್ಟುಕೊಂಡರೆ, ನಾವು ಬಳಸುವ 2,000 ಎಂಬ ಗಡಿಯ ಸ್ವಲ್ಪ ಕೆಳಗಿದ್ದೀರಿ. ಈ ಸಂಖ್ಯೆ ತಾನಾಗಿಯೇ ಏರಿಳಿಯುತ್ತದೆ. ಇಂದಿನ 1,840 ಮತ್ತು ಮೂರು ತಿಂಗಳ ನಂತರದ 2,600 ಇವುಗಳ ನಡುವಿನ ವ್ಯತ್ಯಾಸ ನೋಡಿ ಗಾಬರಿಯಾಗಬೇಕಿಲ್ಲ. ಸಾವಿರವಿದ್ದದ್ದು ಹತ್ತು ಸಾವಿರವಾದರೆ, ಅಂದರೆ ಹತ್ತು ಪಟ್ಟು ಏರಿದರೆ, ಅದು ನಿಜವಾದ ಬದಲಾವಣೆ.

ಎಸ್‌ಜಿಪಿಟಿ ವಿಷಯದಲ್ಲಿ ಲ್ಯಾಬ್ ಹೇಳುವುದಕ್ಕೂ ನಾವು ನೋಡುವುದಕ್ಕೂ ಅಂತರವಿದೆ. ನಿಮ್ಮ ವರದಿಯ ಕೊನೆಯ ಕಾಲಮ್ಮಿನಲ್ಲಿ 45 ಅಥವಾ 50ರವರೆಗೆ ಸಾಮಾನ್ಯ ಎಂದು ಅಚ್ಚಾಗಿರಬಹುದು, ಹಾಗಾಗಿ 38ರ ಪಕ್ಕದಲ್ಲಿ ಎಚ್ಚರಿಕೆಯ ಗುರುತು ಬಿದ್ದಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಗಡಿ ಗಂಡಸರಿಗೆ 30, ಹೆಂಗಸರಿಗೆ 19. ಆ ಲೆಕ್ಕದಲ್ಲಿ ನಿಮ್ಮದು ತುಸು ಹೆಚ್ಚೇ. ಅದು ವೈರಸ್ಸಿನಿಂದಲೂ ಆಗಿರಬಹುದು, ದಿನವಿಡೀ ಕುಳಿತು ಕೆಲಸ ಮಾಡುವವರಲ್ಲಿ ಇತ್ತೀಚೆಗೆ ಎಲ್ಲೆಲ್ಲೂ ಕಾಣುವ ಫ್ಯಾಟಿ ಲಿವರ್‌ನಿಂದಲೂ ಆಗಿರಬಹುದು. ನಿಮ್ಮ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಲೆಸ್ಟ್ರಾಲ್ ಇವನ್ನು ನೀವು ಬರೆದಿಲ್ಲ. ವೈದ್ಯರ ಬಳಿ ಹೋಗುವಾಗ ಅವೂ ಕೈಯಲ್ಲಿರಲಿ.

ಲಿವರ್ ಎಷ್ಟು ಗಟ್ಟಿಯಾಗಿದೆ, ಅಂದರೆ ಒಳಗೆ ಗಾಯ ಮಾಯ್ದು ಮಾಯ್ದು ನಾರು ಎಷ್ಟು ಕಟ್ಟಿದೆ ಎಂಬುದೇ ಮುಂದಿನ ದಾರಿಯನ್ನು ನಿರ್ಧರಿಸುವ ಪ್ರಶ್ನೆ. ಇದಕ್ಕೆ ಕಾಸು ಖರ್ಚಿಲ್ಲದ ಒಂದು ಲೆಕ್ಕವಿದೆ, ಅದನ್ನು ಏಪ್ರಿ ಎನ್ನುತ್ತೇವೆ. ಎಸ್‌ಜಿಪಿಟಿಯಂಥದೇ ಇನ್ನೊಂದು ಕಿಣ್ವವಾದ ನಿಮ್ಮ ಎಸ್‌ಜಿಒಟಿ 34ನ್ನು ಅದರ ಮೇಲ್ಮಿತಿ 40ರಿಂದ ಭಾಗಿಸಿದರೆ 0.85. ಪ್ಲೇಟ್‌ಲೆಟ್ 2.1 ಲಕ್ಷವನ್ನು ಸಾವಿರಗಳಲ್ಲಿ ಬರೆದರೆ 210. 0.85ನ್ನು 210ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 0.4 ಬರುತ್ತದೆ. 0.5ಕ್ಕಿಂತ ಹೆಚ್ಚಾದರೆ ನಾರುಗಟ್ಟುವಿಕೆಯ ಶಂಕೆ, 1ಕ್ಕಿಂತ ಹೆಚ್ಚಾದರೆ ಸಿರೋಸಿಸ್, ಅಂದರೆ ಲಿವರ್ ತುಂಬ ನಾರುಗಟ್ಟಿ ಗಂಟುಗಂಟಾದ ಸ್ಥಿತಿಯ ಶಂಕೆ. 0.4 ಸಮಾಧಾನದ ಸಂಖ್ಯೆಯೇ, ಆದರೆ ಗಡಿಯಿಂದ ಬಹಳ ದೂರವೇನೂ ಇಲ್ಲ, ಈ ಲೆಕ್ಕವೂ ಸ್ಥೂಲವಾದದ್ದು. ಆದ್ದರಿಂದ ಒಮ್ಮೆ ಫೈಬ್ರೋಸ್ಕ್ಯಾನ್ ಮಾಡಿಸಿ. ಪಕ್ಕೆಯ ಮೇಲೆ ಒಂದು ಸಣ್ಣ ಸಾಧನವನ್ನಿಟ್ಟು ಮೆಲ್ಲಗೆ ತಟ್ಟಿದಂತೆ ಮಾಡುತ್ತಾರೆ, ನೋವಿಲ್ಲ, ಹತ್ತು ನಿಮಿಷದ ಕೆಲಸ. ಹೋಗುವ ಮೂರು ಗಂಟೆ ಮೊದಲಿನಿಂದ ಏನನ್ನೂ ತಿನ್ನಬಾರದು. 7 ಕಿಲೋಪಾಸ್ಕಲ್ ದಾಟಿದರೆ ಚಿಕಿತ್ಸೆಯ ಮಾತು, 12.5 ದಾಟಿದರೆ ಸಿರೋಸಿಸ್ ಎಂದೇ ಭಾವಿಸಿ ಮುಂದುವರಿಯುತ್ತೇವೆ. ಅದರ ಜೊತೆಗೆ ಹೊಟ್ಟೆಯ ಅಲ್ಟ್ರಾಸೌಂಡ್, ಲಿವರಿನ ಕೆಲಸವನ್ನು ತೋರುವ ಆಲ್ಬುಮಿನ್, ಬಿಲಿರುಬಿನ್, ಐಎನ್‌ಆರ್, ಲಿವರ್ ಕ್ಯಾನ್ಸರಿನ ಸುಳಿವು ಕೊಡಬಲ್ಲ ಎಎಫ್‌ಪಿ ಆಗಲಿ. ಹೆಪಟೈಟಿಸ್ ಸಿ, ಹೆಪಟೈಟಿಸ್ ಡಿ, ಎಚ್‌ಐವಿ ಪರೀಕ್ಷೆಗಳನ್ನೂ ಒಂದು ಸಲ ಮಾಡಿಸಬೇಕು. ಡಿ ಎಂಬುದು ಬಿ ಇರುವವರಲ್ಲಿ ಮಾತ್ರ ನೆಲೆಸಬಲ್ಲ ವೈರಸ್ಸಾದ್ದರಿಂದ ಅದನ್ನು ಕೇಳಿ ಬರೆಸಿಕೊಳ್ಳಿ.

ಇಲ್ಲಿ ನನ್ನ ಒಬ್ಬ ರೋಗಿಯ ನೆನಪಾಗುತ್ತದೆ. ಅವರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹನ್ನೆರಡು ವರ್ಷಗಳ ಚೀಟಿಗಳನ್ನು ಜೋಪಾನವಾಗಿ ತಂದಿದ್ದರು. ಮೇಜಿನ ಮೇಲೆ ದಿನಾಂಕದ ಪ್ರಕಾರ ಜೋಡಿಸುತ್ತ ಹೋದೆ. ಪ್ರತಿ ವರ್ಷವೂ ಒಂದು ಚೀಟಿ, ಪ್ರತಿಯೊಂದರಲ್ಲೂ ಎಚ್‌ಬಿಎಸ್‌ಎಜಿ ಒಂದೇ, ಪ್ರತಿಯೊಂದರಲ್ಲೂ ಅದೇ ರಿಯಾಕ್ಟಿವ್. ಈ ಸಲವಾದರೂ ನೆಗೆಟಿವ್ ಬಂದೀತೆಂಬ ಆಸೆಯಿಂದ ಆ ಮನುಷ್ಯ ಹನ್ನೆರಡು ಸಲ ರಕ್ತ ಕೊಟ್ಟಿದ್ದರು. ಆ ಹನ್ನೆರಡು ಚೀಟಿಗಳಲ್ಲಿ ಒಂದು ಎಸ್‌ಜಿಪಿಟಿ ಇರಲಿಲ್ಲ, ಒಂದು ಡಿಎನ್‌ಎ ಇರಲಿಲ್ಲ, ಒಂದು ಸ್ಕ್ಯಾನ್ ಇರಲಿಲ್ಲ. ಅಂದು ನಾವು ಮಾಡಿದ ಸ್ಕ್ಯಾನಿನಲ್ಲಿ ಸಿರೋಸಿಸ್ ಆಗಲೇ ಕಾಣುತ್ತಿತ್ತು. ಮೊದಲ ದಿನ ಯಾರೋ ಅವರಿಗೆ ಹೇಳಿದ್ದೂ ಇದೇ ಮಾತು: ಕ್ಯಾರಿಯರ್ ಅಷ್ಟೇ. ಆ ಪದವನ್ನು ರೋಗಿಗಳ ಎದುರು ಬಳಸುವುದನ್ನು ನಾನು ಅಂದಿನಿಂದ ಬಿಟ್ಟೆ. ಎಚ್‌ಬಿಎಸ್‌ಎಜಿ ತಾನಾಗಿ ಮಾಯವಾಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಎಂಬಷ್ಟು ಅಪರೂಪ, ಏಕೆಂದರೆ ವೈರಸ್ಸಿನ ಡಿಎನ್‌ಎ ಲಿವರಿನ ಜೀವಕೋಶಗಳ ಕೇಂದ್ರದೊಳಗೇ ಬೀಡುಬಿಟ್ಟಿರುತ್ತದೆ. ಪ್ರತಿ ಸಲವೂ ಮತ್ತೆ ಮಾಡಿಸಬೇಕಾದದ್ದು ಎಸ್‌ಜಿಪಿಟಿ, ಡಿಎನ್‌ಎ ಮತ್ತು ಸ್ಕ್ಯಾನ್.

ನಿಮಗೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಎಸ್‌ಜಿಪಿಟಿ, ಆರು ತಿಂಗಳಿಗೊಮ್ಮೆ ಡಿಎನ್‌ಎ ನೋಡಬೇಕೆಂದು ನನ್ನ ಸಲಹೆ. ವರ್ಷವಿಡೀ ಡಿಎನ್‌ಎ 2,000ದ ಕೆಳಗೇ ಇದ್ದು, ಎಸ್‌ಜಿಪಿಟಿ 30ರ ಆಸುಪಾಸಿಗೆ ಇಳಿದು, ಫೈಬ್ರೋಸ್ಕ್ಯಾನ್ ಚೆನ್ನಾಗಿದ್ದರೆ, ಕ್ವಾಂಟಿಟೇಟಿವ್ ಎಚ್‌ಬಿಎಸ್‌ಎಜಿ 1,000ಕ್ಕಿಂತ ಕಡಿಮೆಯಿದ್ದರಂತೂ, ವೈರಸ್ ನಿಷ್ಕ್ರಿಯವಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಆಮೇಲೆ ಆರು ತಿಂಗಳಿಗೊಮ್ಮೆ ಎಸ್‌ಜಿಪಿಟಿ, ವರ್ಷಕ್ಕೊಮ್ಮೆ ಡಿಎನ್‌ಎ ಸಾಕು. ಡಿಎನ್‌ಎ 2,000 ದಾಟಿ ಎಸ್‌ಜಿಪಿಟಿಯೂ ಹೆಚ್ಚೇ ಉಳಿದರೆ, ಅಥವಾ ಲಿವರಿನಲ್ಲಿ ನಾರುಗಟ್ಟುವಿಕೆ ಕಂಡರೆ, ಮಾತ್ರೆ ಶುರುಮಾಡಬೇಕು.

ನಿಮ್ಮ ಸೋದರಮಾವನ ವಿಷಯ ಈ ಲೆಕ್ಕಾಚಾರವನ್ನು ಬದಲಿಸಬಲ್ಲದು. ಕುಡಿಯದ ಮನುಷ್ಯನಿಗೆ 52ನೇ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ನೀರು ತುಂಬಿತು ಎಂದರೆ ಸಿರೋಸಿಸ್ ಅಥವಾ ಲಿವರ್ ಕ್ಯಾನ್ಸರ್ ಇತ್ತೇ ಎಂದು ಕೇಳಲೇಬೇಕು. ಅತ್ತೆಯವರ ಮನೆಯ ಬೀರುವಿನಲ್ಲಿ ಅವರ ಹಳೆಯ ಫೈಲ್ ಇನ್ನೂ ಇದ್ದರೆ ದಯವಿಟ್ಟು ತೆಗೆಸಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಚ್‌ಬಿಎಸ್‌ಎಜಿ ಎಂಬ ಸಾಲಿದೆಯೇ ನೋಡಿ. ಕುಟುಂಬದಲ್ಲಿ ಸಿರೋಸಿಸ್ ಅಥವಾ ಲಿವರ್ ಕ್ಯಾನ್ಸರ್ ಇದ್ದವರಿಗೆ, ಡಿಎನ್‌ಎ ಮತ್ತು ಎಸ್‌ಜಿಪಿಟಿಯ ಸಂಖ್ಯೆಗಳು ಗಡಿಯ ಕೆಳಗಿದ್ದರೂ ಚಿಕಿತ್ಸೆ ಕೊಡಬಹುದೆಂದು ಹೊಸ ಮಾರ್ಗಸೂಚಿಗಳು ಹೇಳುತ್ತವೆ. ಫೈಲಿನಲ್ಲಿ ಆ ಉಲ್ಲೇಖ ಸಿಕ್ಕರೆ ನಾನಾಗಿದ್ದರೆ ಮಾತ್ರೆಯ ಕಡೆಗೇ ವಾಲುತ್ತೇನೆ. ಹೆಪಟೈಟಿಸ್ ಬಿ ಇರುವವರಲ್ಲಿ ಸಿರೋಸಿಸ್ ಆಗದೆಯೂ ಕ್ಯಾನ್ಸರ್ ಬರಬಹುದಾದ್ದರಿಂದ, ಏಷ್ಯಾದ ಗಂಡಸರಿಗೆ 40 ವರ್ಷದ ನಂತರ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಸೂಚಿಸುತ್ತಾರೆ. ನಿಮ್ಮ ಮನೆತನದ ಹಿನ್ನೆಲೆಯಲ್ಲಿ ನೀವು ಈಗಿನಿಂದಲೇ ಆರಂಭಿಸುವುದು ಒಳ್ಳೆಯದು.

ಮಾತ್ರೆ ಬೇಕಾದರೆ ಹೆದರುವಂಥದ್ದೇನಿಲ್ಲ. ಟೆನೊಫೋವಿರ್ ಅಥವಾ ಎಂಟೆಕಾವಿರ್, ದಿನಕ್ಕೆ ಒಂದೇ ಮಾತ್ರೆ. ಎಂಟೆಕಾವಿರ್ ಆದರೆ ಊಟಕ್ಕೆ ಮುಂಚೆ ಎರಡು ಗಂಟೆ, ಊಟದ ನಂತರ ಎರಡು ಗಂಟೆ ಅಂತರವಿರಬೇಕು. ಟೆನೊಫೋವಿರ್‌ನ ಹಳೆಯ ರೂಪ ತೆಗೆದುಕೊಳ್ಳುವವರು ಮೂತ್ರಪಿಂಡದ ಕೆಲಸವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು. ಇವು ವೈರಸ್ಸನ್ನು ಬೇರು ಸಮೇತ ಕೀಳುವುದಿಲ್ಲ, ಆದರೆ ಅದನ್ನು ಅದುಮಿ ಹಿಡಿಯುತ್ತವೆ, ಸಿರೋಸಿಸ್ ಮತ್ತು ಕ್ಯಾನ್ಸರ್ ಎರಡರ ಅಪಾಯವನ್ನೂ ತಗ್ಗಿಸುತ್ತವೆ. ಡಿಎನ್‌ಎ ಪತ್ತೆಯಾಗುತ್ತಿಲ್ಲ ಎಂಬ ವರದಿ ಬಂದ ಖುಷಿಯಲ್ಲಿ ತಾವಾಗಿಯೇ ಮಾತ್ರೆ ನಿಲ್ಲಿಸಿದವರಲ್ಲಿ ವೈರಸ್ ಒಮ್ಮೆಲೇ ಭುಗಿಲೆದ್ದು ಲಿವರ್ ಕೈಕೊಟ್ಟ ಪ್ರಸಂಗಗಳಿವೆ. ಶುರು ಮಾಡುವುದೂ ನಿಲ್ಲಿಸುವುದೂ ವೈದ್ಯರ ಮಾತಿನ ಮೇಲೆಯೇ ಆಗಬೇಕು. ಖರ್ಚಿನ ಚಿಂತೆಯಿರುವ ಓದುಗರಿಗೆ ಒಂದು ಮಾತು: 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಪರೀಕ್ಷೆ ಮತ್ತು ಔಷಧಿ ಉಚಿತ. ಬೆಂಗಳೂರಿನಲ್ಲಿರುವವರು ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ, ಬೇರೆ ಊರಿನವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಬಹುದು.

ದೊಡ್ಡಮ್ಮನವರ ನಾಟಿ ಔಷಧಿಯ ವಿಚಾರ. ಕಾಮಾಲೆಗೆ ಕೊಡುವ ಸೊಪ್ಪಿನ ರಸದಲ್ಲಿ ಬಹುಪಾಲು ಇರುವುದು ನೆಲನೆಲ್ಲಿ. ಇದನ್ನು ವಿಜ್ಞಾನ ತಾತ್ಸಾರದಿಂದ ತಳ್ಳಿಹಾಕಿದೆ ಎಂದುಕೊಳ್ಳಬೇಡಿ. ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಿ 1976ರಲ್ಲಿ ನೊಬೆಲ್ ಪಡೆದ ಅದೇ ಬ್ಲೂಮ್‌ಬರ್ಗ್, ಮದ್ರಾಸಿನ ಸಂಶೋಧಕರ ಜೊತೆ ಸೇರಿ ನೆಲನೆಲ್ಲಿಯ ಪ್ರಯೋಗ ನಡೆಸಿದರು. ಆ ಫಲಿತಾಂಶ 1988ರಲ್ಲಿ ಪ್ರಕಟವಾದಾಗ ಆಶಾದಾಯಕವಾಗಿಯೇ ಇತ್ತು. ಆಮೇಲೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಗುಣ ಮತ್ತೆ ಕಾಣಿಸಲಿಲ್ಲ. ದೊಡ್ಡವರಿಗೆ ಹೊಸದಾಗಿ ಬಂದ ಕಾಮಾಲೆ ಹೆಚ್ಚಿನಂಶ ತಾನಾಗಿಯೇ ಇಳಿಯುವುದರಿಂದ ಕೀರ್ತಿ ಔಷಧಿಗೆ ಸೇರುತ್ತದೆ. ನಿಮಗೆ ಕಾಮಾಲೆಯೂ ಇಲ್ಲ. ಪುಡಿಯಲ್ಲಿ ಏನೇನು ಬೆರೆತಿದೆ ಎಂದು ತಿಳಿಯದೆ ತಿನ್ನುವುದು ಈಗಾಗಲೇ ವೈರಸ್ ಇರುವ ಲಿವರಿಗೆ ಒಳ್ಳೆಯದಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರಿನ ಉರಿಯೂತ ಬಂದವರ ವರದಿಗಳು ನಮ್ಮ ದೇಶದಿಂದಲೇ ಪ್ರಕಟವಾಗಿವೆ. ದೊಡ್ಡಮ್ಮನ ಪ್ರೀತಿಗೆ ಕೈಮುಗಿಯಿರಿ, ಪುಡಿ ಬೇಡವೆನ್ನಿ.

ಪಥ್ಯವೂ ಬೇಕಿಲ್ಲ. ಅನ್ನ, ಮುದ್ದೆ, ಸಾರು, ಎಣ್ಣೆ ಒಗ್ಗರಣೆ, ಅರಿಶಿನ ಯಾವುದನ್ನೂ ಬಿಡಬೇಕಾಗಿಲ್ಲ. ಫಿಲ್ಟರ್ ಕಾಫಿಯೂ ಇರಲಿ. ಬಿಡಬೇಕಾದದ್ದು ಮದ್ಯ, ಅದನ್ನು ಪೂರ್ತಿ ಬಿಡಬೇಕು. ಇನ್ನೊಂದು, ಬೂಸ್ಟು ಹಿಡಿದ ಕಡಲೆಕಾಯಿ. ಅದರ ಮೇಲೆ ಬೆಳೆಯುವ ಶಿಲೀಂಧ್ರದ ಅಫ್ಲಾಟಾಕ್ಸಿನ್ ಎಂಬ ವಿಷ, ಹೆಪಟೈಟಿಸ್ ಬಿ ಇರುವವರಲ್ಲಿ ಲಿವರ್ ಕ್ಯಾನ್ಸರಿನ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಕಡಲೆಕಾಯಿ ಪರಿಷೆಯಿಂದ ಚೀಲ ತುಂಬ ತಂದು ತಿಂಗಳುಗಟ್ಟಲೆ ಇಡುವ ಮನೆಯಾದರೆ, ಕಪ್ಪಾದ, ಮುಗ್ಗಲು ವಾಸನೆಯ ಕಾಯಿಯನ್ನು ಹುರಿದರೆ ಸರಿಹೋಗುತ್ತದೆಂದು ತಿನ್ನದೆ ಎಸೆದುಬಿಡಿ. ಯಾವುದೇ ಕಾರಣಕ್ಕೆ ಸ್ಟೀರಾಯ್ಡ್, ಕಿಮೋಥೆರಪಿ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಇಂಜೆಕ್ಷನ್ ಕೊಡುವ ಸಂದರ್ಭ ಬಂದರೆ ಮೊದಲೇ ಹೆಪಟೈಟಿಸ್ ಬಿ ಇದೆಯೆಂದು ಹೇಳಬೇಕು, ಮಲಗಿದ್ದ ವೈರಸ್ ಅಂಥ ಸಮಯದಲ್ಲೇ ಏಳುತ್ತದೆ. ರಕ್ತದಾನವನ್ನು ಇನ್ನು ಮುಂದೆ ಮಾಡುವಂತಿಲ್ಲ.

ಈಗ ಪತ್ನಿಯವರ ವರದಿ, ನಿಮ್ಮ ಪತ್ರದಲ್ಲಿ ತಡಮಾಡದೆ ಕೆಲಸವಾಗಬೇಕಾದ ಭಾಗ ಇದೇ. ಎಚ್‌ಬಿಎಸ್‌ಎಜಿ ನೆಗೆಟಿವ್, ಸಂತೋಷ. ಆಂಟಿ-ಎಚ್‌ಬಿಎಸ್ ಎಂಬುದು ಸಿಪ್ಪೆಯ ವಿರುದ್ಧದ ಪ್ರತಿಕಾಯ, ಅಂದರೆ ರಕ್ಷಣೆಯ ಅಳತೆ. ಅದು 10 ಅಥವಾ ಹೆಚ್ಚಿದ್ದರೆ ರಕ್ಷಣೆಯಿದೆ ಎಂದು ಲೆಕ್ಕ. 4 ಎಂದರೆ ಆಕೆಗೆ ರಕ್ಷಣೆ ಇದೆಯೆಂದು ಹೇಳುವಂತಿಲ್ಲ. ಚಿಕ್ಕಂದಿನಲ್ಲಿ ಲಸಿಕೆ ಹಾಕಿಸಿದ್ದು, ಕಾಲಕ್ರಮದಲ್ಲಿ ಪ್ರತಿಕಾಯ ಇಳಿದಿರಲೂಬಹುದು, ತವರಿನಲ್ಲಿ ಕೇಳಿ ನೋಡಲಿ. ಹೇಗಿದ್ದರೂ ಈ ವಾರವೇ ಮೊದಲ ಡೋಸ್ ಹಾಕಿಸಿ. ಗರ್ಭಿಣಿಯರಿಗೆ ಈ ಲಸಿಕೆ ಸುರಕ್ಷಿತ, ಇದರಲ್ಲಿ ಜೀವಂತ ವೈರಸ್ ಇಲ್ಲ. ಆಂಟಿ-ಎಚ್‌ಬಿಸಿ ಟೋಟಲ್ ಪರೀಕ್ಷೆ ಆಗಿರದಿದ್ದರೆ, ಅದಕ್ಕೆ ರಕ್ತ ಕೊಟ್ಟ ಮೇಲೆ ಲಸಿಕೆ ಚುಚ್ಚಿಸಿಕೊಳ್ಳಲಿ. ಮೇಲೆ ಹೇಳಿದ ಕಾರಣಕ್ಕಾಗಿ, ಲಸಿಕೆಯಾದ ಮೂರು ವಾರಗಳೊಳಗೆ ಎಚ್‌ಬಿಎಸ್‌ಎಜಿ ಮಾಡಿಸಬೇಡಿ, ಇಲ್ಲದ ಗಾಬರಿಯಾಗುತ್ತದೆ. ಎರಡನೇ ಡೋಸ್ ಒಂದು ತಿಂಗಳಿಗೆ. ಮೂರನೆಯದು ಆರನೇ ತಿಂಗಳಿಗೆ, ಅಂದರೆ ಹೆಚ್ಚುಕಡಿಮೆ ಮಗುವಿನ ಆರನೇ ವಾರದ ಲಸಿಕೆಯ ಹೊತ್ತಿಗೆ. ತಾಯಿಗೂ ಮಗುವಿಗೂ ಒಂದೇ ಓಡಾಟದಲ್ಲಿ ಮುಗಿಯುತ್ತದೆ. ಅದಾದ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಅಳೆದು 10 ದಾಟಿದೆಯೆಂದು ಖಚಿತಪಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಕಾಂಡೋಮ್ ಬಳಸಿ. ಎಂಟನೇ ತಿಂಗಳ ಸುಮಾರಿಗೆ ಎಚ್‌ಬಿಎಸ್‌ಎಜಿ ಇನ್ನೊಮ್ಮೆ ನೋಡಿಸಿ.

ಮಗುವಿಗೆ ಈ ಸೋಂಕು ಬರುವುದು ಮುಖ್ಯವಾಗಿ ಹೆರಿಗೆಯ ವೇಳೆ ತಾಯಿಯ ರಕ್ತದಿಂದ. ತಾಯಿ ನೆಗೆಟಿವ್ ಆಗಿ ಉಳಿದರೆ ನಿಮ್ಮಿಂದ ಹೊಟ್ಟೆಯಲ್ಲಿರುವ ಮಗುವಿಗೆ ಬರುವ ಭಯವಿಲ್ಲ. ಆದರೂ ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಬೀಳಲೇಬೇಕು, ಆಮೇಲೆ ಪೆಂಟಾವೇಲೆಂಟ್ ಲಸಿಕೆಯ ಜೊತೆಗೆ 6, 10, 14ನೇ ವಾರಗಳಲ್ಲಿ ಮತ್ತೆ. ಹೆರಿಗೆಯ ಗಡಿಬಿಡಿಯಲ್ಲಿ, ಅದರಲ್ಲೂ ಭಾನುವಾರವೋ ಹಬ್ಬವೋ ಆದರೆ, ಮೊದಲ ದಿನದ ಡೋಸ್ ತಪ್ಪಿಹೋಗುವುದನ್ನು ನಾನು ನೋಡಿದ್ದೇನೆ. ವಾರ್ಡಿನ ನರ್ಸ್‌ಗೆ ನೀವೇ ನೆನಪಿಸಿ, ತಾಯಿ ಕಾರ್ಡಿನಲ್ಲಿ ದಿನಾಂಕ ಬರೆದಿದ್ದನ್ನು ಕಣ್ಣಾರೆ ನೋಡಿ. ಇದನ್ನು ಓದುತ್ತಿರುವ ಗರ್ಭಿಣಿಯರಲ್ಲಿ ಯಾರಿಗಾದರೂ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದಿದ್ದರೆ ವಿಧಾನ ಬೇರೆ: ಡಿಎನ್‌ಎ 2 ಲಕ್ಷ ಐಯು ದಾಟಿದ್ದರೆ ಕೊನೆಯ ತಿಂಗಳುಗಳಲ್ಲಿ ಟೆನೊಫೋವಿರ್ ಕೊಡುತ್ತೇವೆ, ಮಗುವಿಗೆ ಲಸಿಕೆಯ ಜೊತೆಗೇ ಇನ್ನೊಂದು ತೊಡೆಗೆ ಇಮ್ಯುನೋಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಕೊಡಿಸುತ್ತೇವೆ. ಎದೆಹಾಲು ನಿಲ್ಲಿಸಬೇಕಿಲ್ಲ. ನೀವು ಮಗುವನ್ನು ಎತ್ತಿಕೊಳ್ಳಬಹುದು, ಮುದ್ದಿಸಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ರೇಜರ್, ಟೂತ್‌ಬ್ರಶ್, ಉಗುರು ಕತ್ತರಿ ಮಾತ್ರ ನಿಮ್ಮದೇ ಬೇರೆ ಇರಲಿ, ಏಕೆಂದರೆ ಒಣಗಿದ ರಕ್ತದಲ್ಲಿ ಈ ವೈರಸ್ ಕನಿಷ್ಠ ಏಳು ದಿನ ಸಾಯದೆ ಉಳಿಯಬಲ್ಲದು.

ಅಮ್ಮನಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ಹೇಳಬೇಕು, ಬೇಗ ಹೇಳಬೇಕು. ಸೋದರಮಾವನ ಸಾವು ಮತ್ತು ನಿಮ್ಮ ವರದಿಯನ್ನು ಪಕ್ಕಪಕ್ಕದಲ್ಲಿಟ್ಟರೆ, ಸೋಂಕು ಅಜ್ಜಿಯಿಂದ ಅವರ ಮಕ್ಕಳಿಗೆ, ಅಲ್ಲಿಂದ ನಿಮಗೆ ಹರಿದು ಬಂದಿರುವ ಸಾಧ್ಯತೆ ಎದ್ದು ಕಾಣುತ್ತದೆ. ಹಾಗಿದ್ದರೆ ನಿಮ್ಮ ತಾಯಿ 61 ವರ್ಷಗಳಿಂದ ಇದನ್ನು ಹೊತ್ತಿದ್ದಾರೆ, ನಿಮಗಿಂತ ಅವರ ಲಿವರನ್ನೇ ನಾನು ಮೊದಲು ನೋಡಬಯಸುತ್ತೇನೆ. ಒಡಹುಟ್ಟಿದವರು, ಸೋದರಮಾವನ ಪತ್ನಿ, ಮಕ್ಕಳು, ತಾಯಿಯ ಅಕ್ಕತಂಗಿಯರು ಎಲ್ಲರಿಗೂ ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಬಿಸಿ ಟೋಟಲ್, ಆಂಟಿ-ಎಚ್‌ಬಿಎಸ್ ಮೂರನ್ನೂ ಮಾಡಿಸಿ. ಮೂರೂ ನೆಗೆಟಿವ್ ಬಂದವರಿಗೆ ಲಸಿಕೆ, ಮೊದಲನೆಯದು ಪಾಸಿಟಿವ್ ಬಂದವರಿಗೆ ನಿಮಗೆ ಹೇಳಿದ ಪರೀಕ್ಷೆಗಳು, ಮೊದಲನೆಯದು ನೆಗೆಟಿವ್ ಇದ್ದು ಉಳಿದೆರಡೂ ಪಾಸಿಟಿವ್ ಬಂದವರಿಗೆ ಸೋಂಕು ಬಂದು ವಾಸಿಯಾಗಿದೆ ಎಂದು ಅರ್ಥ. ಆಂಟಿ-ಎಚ್‌ಬಿಸಿ ಒಂದೇ ಪಾಸಿಟಿವ್ ಬಂದರೆ ಅದಕ್ಕೆ ಹಲವು ಅರ್ಥಗಳಿವೆ, ಅಂಥ ವರದಿಯನ್ನು ವೈದ್ಯರಿಗೇ ತೋರಿಸಿ.

ಅವರು ನೊಂದುಕೊಳ್ಳುತ್ತಾರೆಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ; ನನ್ನ ಕೊಠಡಿಯಲ್ಲಿ ತಾಯಂದಿರು ಅಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ಇದ್ದದ್ದನ್ನೇ ಹೇಳಿ: ಅವರು ಹುಟ್ಟಿದಾಗ ಈ ವೈರಸ್ಸನ್ನು ಯಾರೂ ಅರಿತಿರಲಿಲ್ಲ, ನೀವು ಹುಟ್ಟಿದಾಗ ಸರ್ಕಾರಿ ಲಸಿಕೆಗಳ ಪಟ್ಟಿಯಲ್ಲಿ ಇದಿರಲಿಲ್ಲ, ದೇಶದ ಎಲ್ಲ ರಾಜ್ಯಗಳಿಗೆ ಅದು ತಲುಪಿದ್ದು 2011ರಲ್ಲಿ. ಅವರು ಮಾಡಬಹುದಾಗಿದ್ದ, ಮಾಡದೆ ಬಿಟ್ಟ ಕೆಲಸ ಯಾವುದೂ ಇರಲಿಲ್ಲ. ಪರೀಕ್ಷೆಗೆ ಕರೆದುಕೊಂಡು ಹೋಗುವ ದಿನ ಖಾಲಿ ಹೊಟ್ಟೆಯಲ್ಲಿರಬೇಕೇ ಎಂದು ಅವರು ಕೇಳಿದರೆ, ಈ ಮೂರು ಪರೀಕ್ಷೆಗಳಿಗೆ ಬೇಕಿಲ್ಲ, ತಿಂಡಿ ತಿಂದು ಕಾಫಿ ಕುಡಿದೇ ಹೊರಡಲಿ.